ನಾಯಿಯಿಂದ ಕಲಿತ ವಿಷವಿದ್ಯೆ, ನಾಯಿಗೆ ತಡವಾಗಿ ಸಿಕ್ಕ ರಕ್ಷಣೆ

ಮನೆಯ ಪುಟ್ಟ ನಾಯಿ ತಿನ್ನಬಾರದ್ದನ್ನು ತಿಂದುಬಿಟ್ಟಿದೆ ಎಂದು ದಿಗಿಲಿನಿಂದ ಫೋನ್ ಮಾಡಿದವರಿಗೆ ಪಶುವೈದ್ಯರು ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ: ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು, ನಾಯಿಯ ತೂಕ ಎಷ್ಟು. ತೀರ ಸಾಮಾನ್ಯವೆನಿಸುವ ಪ್ರಶ್ನೆಗಳು. ಆದರೆ ಇವನ್ನೇ ಕೇಳಬೇಕೆಂದು ಗೊತ್ತಾಗಲು, ಸಿಕ್ಕ ಉತ್ತರದಿಂದ ಚಿಕಿತ್ಸೆ ನಿರ್ಧರಿಸಲು ಮನುಷ್ಯನಿಗೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಆ ಇನ್ನೂರು ವರ್ಷಗಳಲ್ಲಿ ವಿಷಶಾಸ್ತ್ರ ಬೆಳೆದದ್ದು ಬಹುಮಟ್ಟಿಗೆ ನಾಯಿಯ ದೇಹದ ಮೇಲೆಯೇ. ಯಾವ ವಸ್ತು ಎಷ್ಟು ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾಯಿಗೆ ತಿನ್ನಿಸಿ ನೋಡಿದರು. ಹಾಗಿದ್ದೂ ನಾಯಿಗೆ ಯಾವ ಆಹಾರ ವಿಷ ಎಂಬ ತಿಳಿವಳಿಕೆ ನಾಯಿ ಸಾಕಿದವರ ಮನೆಗೆ ಬಂದದ್ದು ತೀರ ಈಚೆಗೆ. ಪ್ರಯೋಗಾಲಯಕ್ಕೆ ಗೊತ್ತಿದ್ದ ಸಂಗತಿ ಅಡುಗೆಮನೆಗೆ ತಲುಪಲು ಕೆಲವೊಮ್ಮೆ ಮೂರು ನಾಲ್ಕು ದಶಕಗಳೇ ಬೇಕಾದವು. ಈ ವಿಳಂಬಕ್ಕೆ ಮುಖ್ಯ ಕಾರಣ ಜ್ಞಾನದ ಕೊರತೆಯಲ್ಲ. ನಾಯಿಯನ್ನು ರೋಗಿ ಎಂದು ಎಣಿಸಿ ಅದರ ಕಾಯಿಲೆಯ ಲೆಕ್ಕ ಇಡುವ ವ್ಯವಸ್ಥೆಯ ಕೊರತೆ. ಆ ವ್ಯವಸ್ಥೆ ಕಟ್ಟಿಕೊಂಡದ್ದು ಸಾಕಿದವರು ಹೇಳಿದ ವಿವರಗಳನ್ನು ಬರೆದಿಟ್ಟು ಒಂದಕ್ಕೊಂದು ಹೋಲಿಸಿ ನೋಡತೊಡಗಿದಾಗ. ನಾಯಿಯ ಜೀವ ಉಳಿಸುವ ವಿಚಾರದಲ್ಲಿ ಇತಿಹಾಸ ಕಲಿಸುವ ಮುಖ್ಯ ಪಾಠ ಇದೇ.

ಹಳೆಯ ಕಾಲದಲ್ಲಿ ನಾಯಿಗೆ ಗೌರವ ಇರಲಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು; ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತವೆಂದು ಅದು ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನಾಯಿಗಳ ವಿಷಯಕ್ಕೇ ಮೀಸಲಾದ ಭಾಗವಿದೆ. ಆದರೆ ಈ ಗೌರವ ಸಿಕ್ಕದ್ದು ಬೇಟೆಗೆ, ಕಾವಲಿಗೆ, ಶೌರ್ಯಕ್ಕೆ. ಊಟದ ಮಾತು ಬಂದಾಗ ನಾಯಿಗೆ ಬೇರೆ ಹೊಟ್ಟೆ ಇದೆಯೆಂದು ಯಾರೂ ಭಾವಿಸಲಿಲ್ಲ. ಮನೆಯವರು ಉಂಡು ಮಿಕ್ಕದ್ದೇ ಅದರ ಪಾಲು. ಈ ರೂಢಿ ಕೇವಲ ಉದಾಸೀನದಿಂದ ಬಂದದ್ದೂ ಅಲ್ಲ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿದಾಗ, ಪಿಷ್ಟವನ್ನು ಅರಗಿಸುವ ಗುಣ ನಾಯಿಯಲ್ಲಿ ಬಲವಾಗಿ ಬೆಳೆದಿರುವುದು ಕಂಡುಬಂತು. ಮನುಷ್ಯನ ಜೊತೆ ಅನ್ನ, ರೊಟ್ಟಿ, ಮುದ್ದೆ ತಿನ್ನುತ್ತ ಸಾವಿರಾರು ವರ್ಷಗಳಲ್ಲಿ ನಾಯಿಯ ದೇಹವೇ ಬದಲಾಗಿದೆ. ಹೀಗಾಗಿ ನಾವು ತಿನ್ನುವುದನ್ನು ನಾಯಿಯೂ ತಿನ್ನಬಹುದು ಎಂಬ ನಂಬಿಕೆಯಲ್ಲಿ ಬಹುಪಾಲು ಸತ್ಯವಿತ್ತು. ಆ ನಂಬಿಕೆ ಅಷ್ಟು ಗಟ್ಟಿಯಾಗಿದ್ದುದರಿಂದಲೇ ಅದಕ್ಕೆ ಹೊರತಾದ ನಾಲ್ಕೈದು ಪದಾರ್ಥಗಳು ಕಣ್ಣಿಗೆ ಬೀಳಲು ಅಷ್ಟು ಕಾಲ ಬೇಕಾಯಿತು.

ಆಧುನಿಕ ವಿಷಶಾಸ್ತ್ರದ ಮೊದಲ ದೊಡ್ಡ ಗ್ರಂಥಗಳಲ್ಲಿ ಒಂದು 1814ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬರತೊಡಗಿತು. ಬರೆದವರು ಸ್ಪೇನಿನ ಮಿನೋರ್ಕ ದ್ವೀಪದಲ್ಲಿ ಹುಟ್ಟಿದ ಮ್ಯಾಥ್ಯೂ ಆರ್ಫಿಲ. ಪಾಷಾಣದಿಂದ ಹಿಡಿದು ಸಸ್ಯವಿಷಗಳವರೆಗೆ ಒಂದೊಂದರ ಪರಿಣಾಮವನ್ನೂ ಆರ್ಫಿಲ ನಾಯಿಗಳ ಮೇಲೆ ಪರೀಕ್ಷಿಸಿದರು. ನಾಯಿ ಬಹಳ ಸುಲಭವಾಗಿ ಕಕ್ಕುವ ಪ್ರಾಣಿ. ಕೊಟ್ಟ ವಿಷ ಹೊರಬಂದರೆ ಪ್ರಯೋಗ ಕೆಡುತ್ತದೆಂದು ಎಷ್ಟೋ ನಾಯಿಗಳ ಅನ್ನನಾಳವನ್ನೇ ದಾರದಿಂದ ಕಟ್ಟಿದರು. ಆ ಕಾಲದವರೇ ಈ ಕ್ರಮವನ್ನು ಆಕ್ಷೇಪಿಸಿದ್ದುಂಟು. ಆದರೂ ಆ ಪ್ರಯೋಗಗಳಿಂದ ಕೊಲೆ ಮೊಕದ್ದಮೆಗಳಲ್ಲಿ ವಿಷವನ್ನು ಪತ್ತೆಹಚ್ಚುವ ವಿದ್ಯೆ ಬೆಳೆಯಿತು, ಮನುಷ್ಯರ ಪ್ರಾಣ ಉಳಿಯಿತು. ಮುಂದಿನ ನೂರು ವರ್ಷ ಶರೀರಶಾಸ್ತ್ರ, ಔಷಧಶಾಸ್ತ್ರ, ಪೋಷಣಾಶಾಸ್ತ್ರ ಮೂರೂ ಇದೇ ದಾರಿಯಲ್ಲಿ ನಡೆದವು. 1841ರಲ್ಲಿ ರಷ್ಯಾದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ವೊಸ್ಕ್ರೆಸೆನ್ಸ್ಕಿ ಕೋಕೋ ಬೀಜದಿಂದ ಥಿಯೋಬ್ರೋಮಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ನಾಯಿಗೆ ಚಾಕೊಲೇಟು ವಿಷವಾಗುವುದು ಮುಖ್ಯವಾಗಿ ಇದರಿಂದಲೇ. ಅಂದರೆ ವಿಷದ ಹೆಸರು, ಅದರ ರಾಸಾಯನಿಕ ಗುಣ, ಅದನ್ನು ಪರೀಕ್ಷಿಸುವ ಪ್ರಾಣಿ ಎಲ್ಲವೂ ಹತ್ತೊಂಬತ್ತನೆಯ ಶತಮಾನದಲ್ಲೇ ಕೈಯಲ್ಲಿದ್ದವು. ಸಾಕಿದ ನಾಯಿಗೆ ಅಪಾಯವಾಗುವ ತಿನಿಸು ಯಾವುದು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಮುಂದಿಟ್ಟುಕೊಳ್ಳಲಿಲ್ಲ.

ಇಪ್ಪತ್ತನೆಯ ಶತಮಾನದ ಎರಡು ಪ್ರಕರಣಗಳು ಇದನ್ನು ಸ್ಪಷ್ಟಪಡಿಸುತ್ತವೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ಡಬ್ಲ್ಯು. ಎಚ್. ಸೆಬ್ರೆಲ್ ಪೋಷಣೆಯ ಕೊರತೆಯಿಂದ ಬರುವ ಕಾಯಿಲೆಗಳ ಸಂಶೋಧಕರು. ಪೆಲ್ಲಾಗ್ರ ರೋಗದ ಮೂಲ ಹುಡುಕಿದ ಜೋಸೆಫ್ ಗೋಲ್ಡ್‌ಬರ್ಗರ್ ಅವರ ಜೊತೆ ಕೆಲಸ ಮಾಡಿದವರು. ಈರುಳ್ಳಿ ತಿನ್ನಿಸಿದ ನಾಯಿಗಳಿಗೆ ರಕ್ತಹೀನತೆ ಬರುತ್ತದೆ ಎಂಬ ವರದಿಯನ್ನು ಅವರು 1930ರಲ್ಲಿ ಪ್ರಕಟಿಸಿದರು. ಈರುಳ್ಳಿಯ ಗಂಧಕಯುಕ್ತ ವಸ್ತುಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆಂಬುದು ಮುಂದೆ ಸ್ಪಷ್ಟವಾಯಿತು. ಎರಡನೆಯ ಪ್ರಕರಣ ಬ್ರಿಟನ್ನಿನದು. 1920ರ ದಶಕದಿಂದ ಅಲ್ಲಿನ ನಾಯಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತ್ತು: ನಾಯಿ ಇದ್ದಕ್ಕಿದ್ದಂತೆ ಹುಚ್ಚೆದ್ದು ಓಡುತ್ತದೆ, ಬೊಗಳುತ್ತದೆ, ಸೆಳವು ಬಂದು ಬೀಳುತ್ತದೆ. ಸೋಂಕು, ಜಂತು ಎಂದು ಹಲವು ಊಹೆಗಳಿದ್ದವು. ಹಿಟ್ಟನ್ನು ಬಿಳುಪಾಗಿಸಲು ಗಿರಣಿಗಳು ಬಳಸುತ್ತಿದ್ದ ನೈಟ್ರೋಜನ್ ಟ್ರೈಕ್ಲೋರೈಡ್ ಇದಕ್ಕೆ ಕಾರಣವೆಂದು 1946ರಲ್ಲಿ ಎಡ್ವರ್ಡ್ ಮೆಲನ್‌ಬಿ ತೋರಿಸಿದರು. ಅಮೆರಿಕ 1949ರಲ್ಲೇ ಆ ಕ್ರಮವನ್ನು ಕೈಬಿಟ್ಟಿತು. ಬ್ರಿಟನ್ ಇನ್ನೂ ಕೆಲವು ವರ್ಷ ತಡೆದು ಬಿಟ್ಟಿತು. ನಾಯಿಗೆ ಹೀಗಾದರೆ ಅದೇ ಬ್ರೆಡ್ಡು ತಿನ್ನುವ ಜನರ ಗತಿಯೇನು ಎಂಬ ಭಯವೇ ಈ ಬದಲಾವಣೆಯನ್ನು ತಂದದ್ದು. ಆ ಕಾಳಜಿ ನ್ಯಾಯವಾದದ್ದೇ. ಆದರೆ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಹಿಟ್ಟಿನ ವಿಷಯ ಮನುಷ್ಯರಿಗೆ ತಟ್ಟುವಂತಿತ್ತು, ಕಾನೂನಿನವರೆಗೆ ಹೋಯಿತು. ಈರುಳ್ಳಿಯ ವಿಷಯ ನಾಯಿಗೆ ಮಾತ್ರ ತಟ್ಟುವಂಥದ್ದು. ಅದು ಬಹಳ ಕಾಲ ಸಂಶೋಧನಾ ಪತ್ರಿಕೆಯ ಪುಟಗಳಲ್ಲೇ ಉಳಿಯಿತು.

ಇದಕ್ಕಿಂತ ದುಃಖದ ಉದಾಹರಣೆ ಕ್ಸೈಲಿಟಾಲ್ ಎಂಬ ಸಿಹಿಕಾರಕದ್ದು. ಫಿನ್‌ಲೆಂಡಿನ ತುರ್ಕು ನಗರದಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳು ಇದು ಹಲ್ಲಿಗೆ ಹಿತವೆಂದು ಹೇಳಿದವು. ಚ್ಯೂಯಿಂಗ್ ಗಮ್, ಟೂತ್‌ಪೇಸ್ಟ್, ಸಕ್ಕರೆಯಿಲ್ಲದ ಮಿಠಾಯಿಗಳಲ್ಲಿ ಇದು ಸೇರಿತು. ಮನುಷ್ಯರಲ್ಲಿ ಕ್ಸೈಲಿಟಾಲ್ ಇನ್ಸುಲಿನ್ನನ್ನು ಹೆಚ್ಚೇನೂ ಹೊರಡಿಸುವುದಿಲ್ಲ. ನಾಯಿಯಲ್ಲಿ ಗ್ಲೂಕೋಸಿಗಿಂತಲೂ ಜೋರಾಗಿ ಹೊರಡಿಸುತ್ತದೆ. ರಕ್ತದ ಸಕ್ಕರೆ ಅರ್ಧ ಗಂಟೆಯೊಳಗೇ ಕುಸಿಯಬಹುದು. ಜಪಾನಿನ ಸಂಶೋಧಕರು ನಾಯಿಯ ಈ ಗುಣವನ್ನು 1960ರ ದಶಕದಲ್ಲೇ ಕಂಡು ಪ್ರಕಟಿಸಿದ್ದರು. ಅವರ ಆಸಕ್ತಿ ಇನ್ಸುಲಿನ್ ಹೇಗೆ ಬಿಡುಗಡೆಯಾಗುತ್ತದೆ ಎಂಬುದರಲ್ಲಿತ್ತು. ಗಮ್ ತಿಂದ ನಾಯಿ ಕುಸಿದು ಬಿದ್ದ ಪ್ರಕರಣ ಪಶುವೈದ್ಯ ಪತ್ರಿಕೆಯಲ್ಲಿ ವರದಿಯಾದದ್ದು 2004ರಲ್ಲಿ. ಯಕೃತ್ತು ಕೆಟ್ಟ ನಾಯಿಗಳ ವಿವರ ಬಂದದ್ದು 2006ರಲ್ಲಿ. ನಡುವೆ ಮೂರೂವರೆ ದಶಕ ಕಳೆದಿತ್ತು. ಈ ಅವಧಿಯಲ್ಲಿ ಎಷ್ಟು ನಾಯಿಗಳು ಕಾರಣ ತಿಳಿಯದೆ ಸತ್ತವೆಂಬುದಕ್ಕೆ ಲೆಕ್ಕವಿಲ್ಲ, ಏಕೆಂದರೆ ಅದರ ಮೊದಲ ವರ್ಷಗಳಲ್ಲಿ ಲೆಕ್ಕ ಇಡುವವರೇ ಇರಲಿಲ್ಲ.

ಆ ಲೆಕ್ಕ ಶುರುವಾದ ಕಥೆ ದೂರವಾಣಿಯದು. ಮನುಷ್ಯರಿಗಾಗಿ ಅಮೆರಿಕದ ಮೊದಲ ವಿಷಮಾಹಿತಿ ಕೇಂದ್ರ ಷಿಕಾಗೋದಲ್ಲಿ 1953ರಲ್ಲಿ ಆರಂಭವಾಗಿತ್ತು. ಮನೆಯ ಔಷಧ, ಕ್ಲೀನರ್ ಕುಡಿದ ಮಕ್ಕಳ ವಿಷಯದಲ್ಲಿ ವೈದ್ಯರಿಗೆ ತಕ್ಷಣ ಮಾಹಿತಿ ಕೊಡುವುದು ಅದರ ಕೆಲಸ. ಪ್ರಾಣಿಗಳಿಗೆ ಅಂಥದ್ದೊಂದು ಬೇಕೆಂದು ಇಲಿನಾಯ್ ವಿಶ್ವವಿದ್ಯಾಲಯದ ಪಶುವೈದ್ಯ ವಿಷತಜ್ಞ ವಿಲಿಯಂ ಬಕ್ 1978ರಲ್ಲಿ ಸಹಾಯವಾಣಿ ತೆರೆದರು. ಪ್ರಾಣಿಹಿಂಸೆ ತಡೆಯಲು ಹುಟ್ಟಿದ ಎಎಸ್‌ಪಿಸಿಎ ಸಂಸ್ಥೆ 1996ರಲ್ಲಿ ಅದನ್ನು ವಹಿಸಿಕೊಂಡಿತು. ಬ್ರಿಟನ್ನಿನಲ್ಲಿ ಪಶುವೈದ್ಯರಿಗಾಗಿಯೇ ಇರುವ ವಿಷಮಾಹಿತಿ ಸೇವೆ 1992ರಲ್ಲಿ ಶುರುವಾಯಿತು. ಇವುಗಳ ಮಹತ್ವ ಸಲಹೆ ಕೊಡುವುದಷ್ಟರಲ್ಲೇ ಇಲ್ಲ. ಕರೆ ಬಂದಾಗಲೆಲ್ಲ ನಾಯಿಯ ತಳಿ, ತೂಕ, ತಿಂದ ಪದಾರ್ಥ, ಪ್ರಮಾಣ, ವೇಳೆ, ಲಕ್ಷಣ, ಕೊನೆಗೆ ಬದುಕಿತೋ ಸತ್ತಿತೋ ಎಂಬುದೆಲ್ಲ ಒಂದೇ ಕಡೆ ದಾಖಲಾಗುತ್ತ ಹೋಯಿತು. ಪ್ರಯೋಗಾಲಯದ ನಾಯಿಗೆ ಇಷ್ಟು ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯ ಜಾಗದಲ್ಲಿ, ಮನೆಯ ನಾಯಿಗೆ ಹೀಗಾಗಿದೆ, ಏನು ತಿಂದದ್ದರಿಂದ ಎಂಬ ಪ್ರಶ್ನೆ ಬಂತು. ವಿಷಶಾಸ್ತ್ರದ ಇತಿಹಾಸದಲ್ಲಿ ಇದು ದೊಡ್ಡ ತಿರುವು.

ಅದರ ಫಲ ದ್ರಾಕ್ಷಿಯ ವಿಷಯದಲ್ಲಿ ಕಂಡಿತು. ದ್ರಾಕ್ಷಿ ಸಾವಿರಾರು ವರ್ಷಗಳ ಬೆಳೆ, ನಾಯಿ ಅದಕ್ಕಿಂತ ಹಳೆಯ ಸಂಗಾತಿ. ಆದರೂ ದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಎರಡು ಮೂರು ದಿನಗಳಲ್ಲಿ ಕೆಡುತ್ತದೆ ಎಂಬುದು ಯಾವ ಗ್ರಂಥದಲ್ಲೂ ಇರಲಿಲ್ಲ. ಕರೆಗಳ ದಾಖಲೆಯಲ್ಲಿ ಮತ್ತೆ ಮತ್ತೆ ಕಂಡ ಈ ಹೊಂದಾಣಿಕೆಯನ್ನು ಎಎಸ್‌ಪಿಸಿಎ ತಜ್ಞರು 2001ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಗೆ ಬರೆದ ಪತ್ರದಲ್ಲಿ ಮುಂದಿಟ್ಟರು. ಒಂದು ನಾಯಿ ಒಂದು ಗೊಂಚಲು ತಿಂದು ಆರಾಮಾಗಿರುತ್ತದೆ, ಇನ್ನೊಂದು ಒಂದು ಹಿಡಿ ತಿಂದು ಸಾಯುತ್ತದೆ. ಇದಕ್ಕೆ ಕಾರಣ ಇಪ್ಪತ್ತು ವರ್ಷ ತಿಳಿಯಲಿಲ್ಲ. ಕೊನೆಗೆ ಮನೆಯಲ್ಲಿ ಕಲಸಿದ ಆಟದ ಹಿಟ್ಟು ತಿಂದ ಒಂದು ನಾಯಿಯ ಪ್ರಕರಣ ದಾರಿ ತೋರಿತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಹಾಕಿದ್ದರು, ನಾಯಿಗೆ ದ್ರಾಕ್ಷಿ ತಿಂದಂತೆಯೇ ಆಗಿತ್ತು. ದ್ರಾಕ್ಷಿಯಲ್ಲೂ ಕ್ರೀಮ್ ಆಫ್ ಟಾರ್ಟರಿನಲ್ಲೂ ಇರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲಿ ಅದರ ಪ್ರಮಾಣ ತಳಿಗೆ, ಹಣ್ಣಿನ ಮಾಗುವಿಕೆಗೆ ತಕ್ಕಂತೆ ಬದಲಾಗುತ್ತದೆ. 2021ರಲ್ಲಿ ಈ ವಿವರಣೆ ಪ್ರಕಟವಾಯಿತು. ಅದರ ಬೆನ್ನಿಗೇ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇದೇ ಬಗೆಯ ಹಾನಿ ಆದದ್ದನ್ನು ಅದೇ ದಾಖಲೆಯಿಂದ ತಜ್ಞರು ಎತ್ತಿ ತೋರಿಸಿದರು. 1958ರಲ್ಲಿ ಒಂದು ಕಾಕರ್ ಸ್ಪ್ಯಾನಿಯೆಲ್ ನಾಯಿಯ ಮೂತ್ರಪಿಂಡದಿಂದ ತೆಗೆದು ಬೆಳೆಸಿಕೊಂಡು ಬಂದ ಜೀವಕೋಶಗಳ ಮೇಲೆ ನಡೆದ ಪರೀಕ್ಷೆಯಲ್ಲೂ ಈ ಆಮ್ಲ ಹಾನಿಕರವೆಂದು ಕಂಡಿತು. ಇಷ್ಟೆಲ್ಲ ತಿಳಿಯಲು ಬದುಕಿರುವ ಒಂದೇ ಒಂದು ನಾಯಿಗೂ ಬೇಕೆಂದು ದ್ರಾಕ್ಷಿ ತಿನ್ನಿಸಬೇಕಾಗಲಿಲ್ಲ. ನಾಯಿಯನ್ನು ಉಳಿಸುವ ವಿದ್ಯೆಗೂ ಕೊನೆಗೆ ನಾಯಿಯನ್ನೇ ಬಲಿ ಕೊಡಬೇಕಲ್ಲವೇ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಇದಕ್ಕೆ ನಮ್ಮಲ್ಲಿ ಸಹಜವಾಗಿ ಬರುವ ಎದುರುಮಾತು ಒಂದಿದೆ. ನಮ್ಮ ಹಳ್ಳಿಯ ನಾಯಿಗಳು ತಲೆತಲಾಂತರದಿಂದ ಸಾರನ್ನ, ಹುಳಿಯನ್ನ, ಈರುಳ್ಳಿ ಹಾಕಿದ ಪಲ್ಯ ತಿಂದುಕೊಂಡೇ ಬಂದಿವೆ. ಅವಕ್ಕೆ ಆಗದ್ದು ಈಗಿನ ನಾಯಿಗಳಿಗೆ ಹೇಗೆ ಆಗುತ್ತದೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಇದರಲ್ಲಿ ಮೂರು ಸಂಗತಿ ಬಿಟ್ಟುಹೋಗಿವೆ. ಮೊದಲನೆಯದು ಪ್ರಮಾಣ. ನೀರಾದ ಸಾರಿನಲ್ಲಿ ಹುಣಸೆಯ ರಸ ಇರುವುದು ಕೊಂಚ; ಪುಳಿಯೋಗರೆ ಗೊಜ್ಜಿನಲ್ಲಿ, ಬೆಲ್ಲ ಸೇರಿಸಿ ಕುಟ್ಟಿದ ಚಿಗಳಿಯಲ್ಲಿ ಇರುವುದು ಅದರ ಹಲವು ಪಟ್ಟು. ಎರಡನೆಯದು ಗಾತ್ರ. ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ನಾಯಿಯ ರಕ್ತಕ್ಕೆ ಹಾನಿ ಮಾಡಬಲ್ಲದು, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಇಪ್ಪತ್ತು ಕಿಲೋ ಮೀರುವ ಮುಧೋಳದ ನಾಯಿ ಅಷ್ಟು ಈರುಳ್ಳಿಯನ್ನು ಒಮ್ಮೆಗೇ ತಿನ್ನುವುದು ಕಷ್ಟ. ಮೂರು ಕಿಲೋ ನಾಯಿಗೆ ಒಂದು ಸಾಧಾರಣ ಗಡ್ಡೆಯೇ ಸಾಕು. ಮೂರನೆಯದು ನಮ್ಮ ನೋಟ. ಈರುಳ್ಳಿಯ ರಕ್ತಹೀನತೆ ಕಾಣಿಸಿಕೊಳ್ಳುವುದು ಕೆಲವು ದಿನಗಳ ಮೇಲೆ. ದ್ರಾಕ್ಷಿಯ ಹಾನಿಯೂ ತಿಂದ ಮರುಗಳಿಗೆಗೆ ಕಾಣುವುದಿಲ್ಲ. ಬೀದಿಯಲ್ಲಿ, ಹಿತ್ತಲಲ್ಲಿ ಮಂಕಾಗಿ ಮಲಗಿ ಸತ್ತ ನಾಯಿಯ ಸಾವನ್ನು ನಾಲ್ಕು ದಿನದ ಹಿಂದಿನ ಊಟದೊಡನೆ ಜೋಡಿಸಿ ನೋಡಿದವರು ಯಾರು? ಬದುಕಿ ಉಳಿದ ನಾಯಿ ಕಣ್ಣೆದುರಿಗಿರುತ್ತದೆ, ಸತ್ತದ್ದು ಸಾಕ್ಷಿ ಹೇಳಲು ಬರುವುದಿಲ್ಲ. ಇದರ ಮೇಲೆ, ಕಪ್ಪು ಚಾಕೊಲೇಟು, ಕ್ಸೈಲಿಟಾಲ್ ಹಾಕಿದ ಗಮ್ ಆ ಹಳ್ಳಿಮನೆಗಳಲ್ಲಿ ಇರಲೂ ಇಲ್ಲ.

ಎರಡನೆಯ ಎದುರುಮಾತು ಇದಕ್ಕೆ ತಿರುಗುಮುರುಗಾದದ್ದು: ಈ ಎಚ್ಚರಿಕೆಗಳೆಲ್ಲ ಅತಿಯಾದವು, ಒಂದು ಚೂರು ಚಾಕೊಲೇಟಿಗೂ ಜನರನ್ನು ಹೆದರಿಸುತ್ತವೆ ಎಂಬುದು. ಹೆದರಿಕೆ ಹರಡಿದರೆ ಪ್ರಯೋಜನವಿಲ್ಲ ಎಂಬುದು ನಿಜ. ಆದರೆ ಈ ಇತಿಹಾಸ ಕೊಟ್ಟದ್ದು ಹೆದರಿಕೆಯನ್ನಲ್ಲ, ಲೆಕ್ಕವನ್ನು. ಥಿಯೋಬ್ರೋಮಿನ್ ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಆದಾಗ ವಾಂತಿ, ಭೇದಿ, ಚಡಪಡಿಕೆ ಶುರುವಾಗಬಹುದು. 40 ದಾಟಿದರೆ ಹೃದಯದ ಬಡಿತ ತಪ್ಪಬಹುದು. 60ರ ಸುಮಾರಿಗೆ ಸೆಳವು ಬರಬಹುದು. ಹಾಲಿನ ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ ಸುಮಾರು 5 ಮಿಲಿಗ್ರಾಂ ಇರುತ್ತದೆ. ಮೂರು ಕಿಲೋ ನಾಯಿ ಹತ್ತು ಗ್ರಾಂ ಹಾಲಿನ ಚಾಕೊಲೇಟು ತಿಂದರೆ ಕಿಲೋಗೆ ಏಳು ಮಿಲಿಗ್ರಾಂ ಕೂಡ ಆಗುವುದಿಲ್ಲ. ಅದೇ ನಾಯಿ ಐವತ್ತು ಗ್ರಾಂ ಕಪ್ಪು ಚಾಕೊಲೇಟು ತಿಂದರೆ ಎಂಬತ್ತು ಮೀರುತ್ತದೆ, ಪ್ರಾಣಕ್ಕೆ ಕುತ್ತು. ಮೂವತ್ತು ಕಿಲೋ ನಾಯಿ ಅಷ್ಟೇ ಕಪ್ಪು ಚಾಕೊಲೇಟು ತಿಂದರೆ ಎಂಟರ ಆಸುಪಾಸು. ಮನುಷ್ಯನ ದೇಹ ಈ ವಸ್ತುವಿನ ಅರ್ಧವನ್ನು ಆರರಿಂದ ಹತ್ತು ತಾಸಿನಲ್ಲಿ ಹೊರಹಾಕಿದರೆ ನಾಯಿಗೆ ಸುಮಾರು ಹದಿನೇಳೂವರೆ ತಾಸು ಬೇಕು. ಪುಟ್ಟ ನಾಯಿಯ ವಿಷಯದಲ್ಲಿ ತೂಕವೇ ವಿಧಿ ಬರೆಯುತ್ತದೆ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ಯಾವಾಗ ಓಡಬೇಕು, ಯಾವಾಗ ವೈದ್ಯರ ಸಲಹೆ ಪಡೆದು ಮನೆಯಲ್ಲೇ ನೋಡಿಕೊಳ್ಳಬಹುದು ಎಂಬ ವಿವೇಕ ಹುಟ್ಟುವುದೂ ಇದರಿಂದಲೇ. ದ್ರಾಕ್ಷಿ, ಕ್ಸೈಲಿಟಾಲ್ ವಿಷಯದಲ್ಲಿ ಮಾತ್ರ ಇಂಥ ನೆಮ್ಮದಿಗೆ ಅವಕಾಶ ಕಡಿಮೆ: ಒಂದರ ಪ್ರಮಾಣ ಹಣ್ಣಿನಿಂದ ಹಣ್ಣಿಗೆ ಬೇರೆ, ಇನ್ನೊಂದು ಕಿಲೋಗೆ ಗ್ರಾಮಿನ ಹತ್ತನೆಯ ಒಂದು ಭಾಗವಾದರೂ ಸಕ್ಕರೆಯನ್ನು ಕುಸಿಯಿಸಬಲ್ಲದು.

ತಿಂದದ್ದನ್ನು ಕಕ್ಕಿಸುವ ಮನೆಮದ್ದುಗಳ ಇತಿಹಾಸವನ್ನೂ ಇದರ ಜೊತೆಗೇ ನೋಡಬೇಕು. ವಿಷ ಒಳಗೆ ಹೋದರೆ ಹೊರಗೆ ತೆಗೆಯಬೇಕು ಎಂಬ ತರ್ಕ ಹಳೆಯದು, ತಪ್ಪೂ ಅಲ್ಲ. ಉಪ್ಪುನೀರು, ಸಾಸಿವೆ ನೀರು ಕುಡಿಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿತ್ತು. ಪಶ್ಚಿಮದ ಮನೆಗಳಲ್ಲಿ ಸುಟ್ಟ ಬ್ರೆಡ್ಡು, ಚಹಾದ ಕಷಾಯ, ಮೆಗ್ನೀಷಿಯಾ ಹಾಲು ಕಲಸಿ ಎಲ್ಲ ವಿಷಕ್ಕೂ ಮದ್ದೆಂದು ಕೊಡುತ್ತಿದ್ದರು. ಸುಟ್ಟ ಬ್ರೆಡ್ಡು ಇದ್ದಿಲಿನ ಕೆಲಸ ಮಾಡುವುದಿಲ್ಲವೆಂದು ಗೊತ್ತಾದ ಮೇಲೆ ಅದು ಹಿಂದೆ ಸರಿಯಿತು. ಮಕ್ಕಳಿಗೆ ಕಕ್ಕಿಸಲು ಮನೆಯಲ್ಲಿ ಇಪಿಕಾಕ್ ಸಿರಪ್ ಇಟ್ಟುಕೊಳ್ಳಿ ಎಂದು ದಶಕಗಳ ಕಾಲ ಹೇಳಿದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲಿ, ಅದರಿಂದ ಪ್ರಯೋಜನ ಕಾಣುತ್ತಿಲ್ಲ, ಮನೆಯಲ್ಲಿ ಇಡಬೇಡಿ ಎಂದಿತು. ನಾಯಿಯ ವಿಷಯದಲ್ಲಿ ಉಪ್ಪು ಇನ್ನೂ ಅಪಾಯಕಾರಿ. ಕಕ್ಕದಿದ್ದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಹಾನಿಯಾಗುತ್ತದೆ, ಪುಟ್ಟ ನಾಯಿಗೆ ಆ ಮಿತಿ ಬಹಳ ಬೇಗ ಮುಟ್ಟುತ್ತದೆ. ಮಂಪರಿನಲ್ಲಿರುವ, ಸೆಳವು ಬಂದಿರುವ ನಾಯಿಯ ಬಾಯಿಗೆ ಏನನ್ನೇ ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಪಶುವೈದ್ಯರು ಕಕ್ಕಿಸಲು ಚುಚ್ಚುವ ಅಪೊಮಾರ್ಫಿನ್, ಆಮೇಲೆ ಕೊಡುವ ಸಕ್ರಿಯ ಇದ್ದಿಲು ಎರಡೂ ಹತ್ತೊಂಬತ್ತನೆಯ ಶತಮಾನದಿಂದ ಪರೀಕ್ಷೆಗೊಳಗಾಗುತ್ತ ಬಂದವು. ಅವೂ ಎಲ್ಲಕ್ಕೂ ಹೊಂದುವುದಿಲ್ಲ: ಕ್ಸೈಲಿಟಾಲನ್ನು ಇದ್ದಿಲು ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಬೇಕಾದದ್ದು ಗ್ಲೂಕೋಸ್, ದ್ರಾಕ್ಷಿಗೆ ಮೂತ್ರಪಿಂಡ ಕಾಪಾಡುವ ಡ್ರಿಪ್. ಒಂದೊಂದು ವಿಷಕ್ಕೂ ಬೇರೆ ದಾರಿ ಇರುವುದರಿಂದ ಎಲ್ಲಕ್ಕೂ ಒಂದೇ ಮನೆಮದ್ದು ಎಂಬ ಆಸೆಯನ್ನು ಬಿಡಬೇಕು.

ಹಾಗಾದರೆ ಸಾಕಿದವರು ಮಾಡಬೇಕಾದದ್ದು ಏನು ಎಂಬುದಕ್ಕೆ ಈ ಇತಿಹಾಸವೇ ಉತ್ತರ ಕೊಡುತ್ತದೆ. ಉಳಿದ ತಿನಿಸನ್ನು ನಾಯಿಯಿಂದ ದೂರ ಮಾಡುವುದು, ಹೊದಿಕೆ ಕಾಗದವನ್ನು ಎಸೆಯದೆ ಇಟ್ಟುಕೊಳ್ಳುವುದು, ಎಷ್ಟು ಕಡಿಮೆಯಾಗಿದೆ ಎಂದು ನೋಡುವುದು, ಗಂಟೆ ನೆನಪಿಡುವುದು, ಲಕ್ಷಣ ಕಾಣಲಿ ಎಂದು ಕಾಯದೆ ಕೂಡಲೇ ಪಶುವೈದ್ಯರಿಗೆ ಕರೆ ಮಾಡಿ ನಾಯಿಯ ತೂಕ ಸಹಿತ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುವುದು. ಮಗು ಕೊಟ್ಟಿತು, ನಾನೇ ಕೊಟ್ಟೆ ಎಂಬ ಅಳುಕಿನಿಂದ ಪ್ರಮಾಣ ಇಳಿಸಿ ಹೇಳಿದರೆ ಲೆಕ್ಕ ತಪ್ಪುತ್ತದೆ, ಚಿಕಿತ್ಸೆಯೂ ತಪ್ಪುತ್ತದೆ. ಹೊಟ್ಟೆಯಿಂದ ಹೊರತೆಗೆಯಲು ಸಿಗುವ ಅವಕಾಶ ಸಾಮಾನ್ಯವಾಗಿ ಮೊದಲ ಒಂದೆರಡು ತಾಸಿನದು.

ಆದರೆ ಹೊಣೆ ಸಾಕಿದವರದಷ್ಟೇ ಅಲ್ಲ. ಹುಣಸೆ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು ಎಂಬ ಮಾತನ್ನು ಹುಣಸೆಯಿಲ್ಲದೆ ದಿನ ಕಳೆಯದ ನಾವು ಕೇಳಿದ್ದು ಅಮೆರಿಕದ ದೂರವಾಣಿ ದಾಖಲೆಯಿಂದ. ವಿಜಯಪುರದ ಒಣದ್ರಾಕ್ಷಿ ಮನೆಮನೆಯ ಪಾಯಸಕ್ಕೆ, ಕೇಸರಿಬಾತಿಗೆ ಬೀಳುತ್ತದೆ. ಅದನ್ನು ಹೆಕ್ಕಿ ನಾಯಿಗೆ ಹಾಕುವ ಕೈಗಳೂ ಇಲ್ಲಿವೆ. ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷಮಾಹಿತಿ ಕೇಂದ್ರವಿದೆ, ಅದು ಮನುಷ್ಯರಿಗಾಗಿ ಇರುವಂಥದ್ದು. ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ, ಬೀದರಿನಲ್ಲಿ ಪಶು ವಿಶ್ವವಿದ್ಯಾಲಯವಿದೆ. ಇಲ್ಲಿನ ಚಿಕಿತ್ಸಾಲಯಗಳಿಗೆ ಬರುವ ಪ್ರತಿ ನಾಯಿಯ ತೂಕ, ತಿಂದ ಪದಾರ್ಥ, ಪ್ರಮಾಣ, ಪರಿಣಾಮಗಳನ್ನು ಒಂದೇ ಮಾದರಿಯಲ್ಲಿ ಕನ್ನಡದಲ್ಲೂ ಬರೆದಿಟ್ಟು ಒಟ್ಟುಗೂಡಿಸಿದರೆ, ಗೊಜ್ಜು, ಚಿಗಳಿ, ಈರುಳ್ಳಿ ಹುಳಿ ಎಷ್ಟಾದರೆ ಅಪಾಯ ಎಂಬುದನ್ನು ನಮ್ಮ ಅಡುಗೆಯ ಆಧಾರದಲ್ಲೇ ಹೇಳಬಹುದು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಯಾವ ನಾಯಿಯನ್ನೂ ಹಿಂಸಿಸಬೇಕಿಲ್ಲ. ಬೇಕಾದದ್ದು ಕೇಳುವ, ಬರೆಯುವ, ಹೋಲಿಸುವ ಶಿಸ್ತು. ನಮಗಾಗಿ ಇನ್ನೂರು ವರ್ಷ ವಿಷ ಉಂಡ ಪ್ರಾಣಿಯ ಋಣ ತೀರಿಸಲು ಇದು ಬಹಳ ಸಣ್ಣ ಕಂತು, ಆದರೆ ಇಂದೇ ಶುರುಮಾಡಬಹುದಾದದ್ದು.